ಅಜ್ಜಿಗೆ ಕಂಡ ಎರಡು ದೀಪ

ಮಿದುಳಿನ ರಕ್ತನಾಳದಲ್ಲಿ ಮೂಡಿದ ಉಬ್ಬನ್ನು ಮುಟ್ಟದೆಯೇ ಗುಣಪಡಿಸುವ ಚಿಕಿತ್ಸೆಯೊಂದಿದೆ. ಹಳ್ಳದ ನೀರನ್ನು ಹದಕ್ಕೆ ತರುವ ತೋಟಗಾರನ ಜಾಣತನವೇ ಅದರ ಗುಟ್ಟು.

ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ಅಡಿಕೆ ತೋಟ, ಅಂಚಿನಲ್ಲಿ ಹಳ್ಳ. ಒಂದು ಸಂಜೆ ದೇವರ ಮುಂದೆ ದೀಪ ಹಚ್ಚಿದ ದೊಡ್ಡಮ್ಮ ಆರನೇ ತರಗತಿಯ ಮೊಮ್ಮಗನನ್ನು ಕರೆದು, ‘ಪುಟ್ಟಾ, ಇನ್ನೊಂದು ದೀಪ ನೀನು ಹಚ್ಚಿದ್ಯೇನೋ?’ ಎಂದು ಕೇಳಿದರು. ಅಲ್ಲಿದ್ದುದು ಒಂದೇ ದೀಪ. ಹುಡುಗ ಮೊದಲು ನಕ್ಕ. ಅಜ್ಜಿ ನಗಲಿಲ್ಲ.

ಪುಟ್ಟ ಆಗ ಮಾಡಿದ ಕೆಲಸವನ್ನು ವೈದ್ಯರು ಆಮೇಲೆ ಬಹಳ ಮೆಚ್ಚಿಕೊಂಡರು. ಅವನು ಅಜ್ಜಿಯ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದ. ‘ಈಗ ಎಷ್ಟು ದೀಪ?’ ‘ಒಂದು.’ ಇನ್ನೊಂದು ಕಣ್ಣು ಮುಚ್ಚಿದ. ‘ಈಗ?’ ‘ಒಂದೇ.’ ಎರಡೂ ತೆರೆದಾಗ ಮತ್ತೆ ಎರಡು ದೀಪ! ಅಂದರೆ ಒಂದೊಂದು ಕಣ್ಣೂ ಸರಿಯಾಗಿಯೇ ನೋಡುತ್ತಿತ್ತು. ಎರಡೂ ಕೂಡಿ ಒಂದೇ ಕಡೆ ತಿರುಗುತ್ತಿರಲಿಲ್ಲ, ಅಷ್ಟೇ.

ಮರುದಿನ ಕಣ್ಣಿನ ಡಾಕ್ಟರು, ‘ತೊಂದರೆ ಕಣ್ಣಿನದಲ್ಲ, ಕಣ್ಣನ್ನು ತಿರುಗಿಸುವ ನರದ್ದು. ತಡ ಮಾಡದೆ ತಲೆಯ ಸ್ಕ್ಯಾನ್ ಮಾಡಿಸಿ’ ಎಂದರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಆಯಿತು. ಬಲಗಣ್ಣಿನ ಹಿಂದೆ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳದ ಒಂದು ಪಕ್ಕದಲ್ಲಿ 14 ಮಿ.ಮೀ. ಗಾತ್ರದ ಉಬ್ಬು ಕಂಡಿತು. ಪುಟ್ಟ ನೆಲ್ಲಿಕಾಯಿಯಷ್ಟು. ಅದು ಪಕ್ಕದ ನರವನ್ನು ಒತ್ತುತ್ತಿದ್ದುದರಿಂದಲೇ ದೊಡ್ಡಮ್ಮನಿಗೆ ದೀಪ ಎರಡಾಗಿ ಕಂಡಿತ್ತು.

‘ಇದಕ್ಕೆ ಅನ್ಯೂರಿಸಂ ಅಂತಾರೆ’ ಎಂದರು ವೈದ್ಯರು. ಮನೆಯವರೆಲ್ಲ ಸ್ತಬ್ಧರಾಗಿ ಕುಳಿತರು. ದೊಡ್ಡಮ್ಮ ಮಾತ್ರ, ‘ಅದು ಹೆಂಗಾಯ್ತು ಡಾಕ್ಟ್ರೇ?’ ಎಂದು ಕೇಳಿದರು.

ನಾಳದೊಳಗೊಂದು ಮಡು

ಮಕ್ಕಳೇ, ಹೃದಯದಿಂದ ರಕ್ತ ಒಯ್ಯುವ ನಾಳಗಳಿಗೆ ಅಪಧಮನಿ ಎನ್ನುತ್ತಾರೆಂದು ನಿಮ್ಮ ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತ ಅಪಧಮನಿಯ ಗೋಡೆಗೆ ಬಂದು ತಟ್ಟುತ್ತದೆ. ಮಿದುಳಿನ ಬುಡದಲ್ಲಿ ಈ ನಾಳಗಳು ಒಂದಕ್ಕೊಂದು ಕೂಡಿಕೊಂಡು ಉಂಗುರದಂತೆ ಇರುತ್ತವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಬರೆದ ಪುಸ್ತಕದಲ್ಲಿ ಇದರ ವಿವರಣೆ ಇದೆ. ಹಾಗಾಗಿ ಇಂದಿಗೂ ಇದನ್ನು ‘ವಿಲ್ಲಿಸ್ ವೃತ್ತ’ ಎಂದೇ ಕರೆಯುತ್ತಾರೆ. ಆ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಕ್ರಿಸ್ಟೊಫರ್ ರೆನ್ ಒಬ್ಬ. ಲಂಡನ್ನಿನ ಸೇಂಟ್ ಪಾಲ್ ಮಹಾಮಂದಿರವನ್ನು ಕಟ್ಟಿದ ಶಿಲ್ಪಿ ಅವನೇ.

ನಾಳ ಎಲ್ಲಿ ಕವಲೊಡೆಯುತ್ತದೆಯೋ, ಎಲ್ಲಿ ತಿರುಗುತ್ತದೆಯೋ ಅಲ್ಲಿ ರಕ್ತದ ಹೊಡೆತ ಹೆಚ್ಚು. ಅಂಥ ಕಡೆ ಗೋಡೆ ದುರ್ಬಲವಾದರೆ ನಿಧಾನವಾಗಿ ಹೊರಕ್ಕೆ ಉಬ್ಬುತ್ತದೆ. ಅದೇ ಅನ್ಯೂರಿಸಂ.

ವೈದ್ಯರು ಕಾಗದದ ಮೇಲೆ ಇದನ್ನು ಬರೆದು ತೋರಿಸುತ್ತಿದ್ದಾಗ ದೊಡ್ಡಮ್ಮ, ‘ಗೊತ್ತಾಯ್ತು. ನಮ್ಮ ಹಳ್ಳದ ತಿರುವಿನಲ್ಲಿ ನೀರು ದಂಡೆ ಕೊರೆದು ಮಡು ಆಗ್ತದಲ್ಲ, ಹಂಗೆ’ ಎಂದರು. ‘ಅದಕ್ಕಿಂತ ಚೆನ್ನಾಗಿ ನನಗೂ ಹೇಳಕ್ಕೆ ಬರಲ್ಲಮ್ಮ’ ಎಂದು ವೈದ್ಯರು ಪೆನ್ನು ಕೆಳಗಿಟ್ಟರು.

ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಮಿದುಳಿನಲ್ಲಿ ಇಂಥ ಉಬ್ಬು ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದು ಇದೆಯೆಂದು ಗೊತ್ತೂ ಆಗುವುದಿಲ್ಲ. ಅದರಿಂದ ತೊಂದರೆಯೂ ಆಗುವುದಿಲ್ಲ. ಆದರೆ ಕೆಲವು ಒಡೆಯುತ್ತವೆ. ಒಡೆದರೆ ಮಿದುಳಿನ ಸುತ್ತ ರಕ್ತ ಚೆಲ್ಲಿ ಪ್ರಾಣಕ್ಕೇ ಅಪಾಯ. ಉಬ್ಬು ದೊಡ್ಡದಾದಷ್ಟೂ ಒಡೆಯುವ ಭಯ ಹೆಚ್ಚು. ಏರಿದ ರಕ್ತದೊತ್ತಡ ಮತ್ತು ಬೀಡಿ-ಸಿಗರೇಟು ಈ ಭಯವನ್ನು ಇನ್ನೂ ಹೆಚ್ಚಿಸುತ್ತವೆ.

ಚಿಮಟ, ಬಲೂನು, ಸುರುಳಿ

ಈ ಉಬ್ಬನ್ನು ಏನು ಮಾಡಬೇಕು ಎಂಬುದು ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆ. ತಲೆಬುರುಡೆಯ ಒಳಗಿರುವ ನಾಳವನ್ನು ನೋಡುವುದೇ ಕಷ್ಟವಾಗಿತ್ತು. 1927ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಎಗಾಸ್ ಮೋನಿಜ್ ಎಂಬ ವೈದ್ಯ, ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಕತ್ತಿನ ರಕ್ತನಾಳಕ್ಕೆ ಬಿಟ್ಟು ಚಿತ್ರ ತೆಗೆದ. ಮಿದುಳಿನ ನಾಳಗಳು ಬೇರುಗಳಂತೆ ಚಿತ್ರದಲ್ಲಿ ಮೂಡಿದವು. ಇಂದು ನಾವು ಆಂಜಿಯೋಗ್ರಾಂ ಎನ್ನುವ ಪರೀಕ್ಷೆ ಮಿದುಳಿನ ಮಟ್ಟಿಗೆ ಶುರುವಾದದ್ದು ಹೀಗೆ.

1937ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ ತಲೆಬುರುಡೆ ತೆರೆದು, ಉಬ್ಬಿನ ಕತ್ತಿಗೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿದ. ಬಟ್ಟೆ ಒಣಹಾಕುವಾಗ ಹಾಕುವ ಚಿಮಟದಂತೆಯೇ. ಉಬ್ಬಿಗೆ ರಕ್ತ ಹೋಗುವ ದಾರಿ ಮುಚ್ಚಿತು. ಆ ರೋಗಿಗೂ ತೊಂದರೆ ಮೊದಲು ಕಾಣಿಸಿಕೊಂಡದ್ದು ಕಣ್ಣಿನಲ್ಲೇ! ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಎಷ್ಟೋ ಜನರಿಗೆ ಅದೇ ಒಳ್ಳೆಯ ದಾರಿ.

ತಲೆ ತೆರೆಯದೆಯೇ ಒಳಗೆ ಹೋಗಲು ಸಾಧ್ಯವೇ? ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ ಎಂಬ ವೈದ್ಯ 1959ರ ಮೇ ದಿನದ ಉತ್ಸವದಲ್ಲಿ ಮಕ್ಕಳು ದಾರ ಹಿಡಿದು ಬಲೂನು ಆಡಿಸುತ್ತಿದ್ದುದನ್ನು ನೋಡಿದನಂತೆ. ದಾರದ ತುದಿಯ ಬಲೂನನ್ನು ರಕ್ತದ ಹರಿವಿನಲ್ಲಿ ತೇಲಿಬಿಟ್ಟರೆ ಹೇಗೆ ಎಂಬ ಯೋಚನೆ ಅಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಮುಂದೆ ಅವನು ಕೂದಲೆಳೆಯಂಥ ಕೊಳವೆಯ ತುದಿಗೆ ಪುಟಾಣಿ ಬಲೂನು ಕಟ್ಟಿ, ನಾಳದೊಳಗೆ ಕಳಿಸಿ ಚಿಕಿತ್ಸೆ ಮಾಡಿ ತೋರಿಸಿದ.

ಆಮೇಲೆ ಬಂದದ್ದು ಸುರುಳಿ. ಇಟಲಿಯ ಗಿಡೋ ಗುಗ್ಲಿಯೆಲ್ಮಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮಾಡುತ್ತ, ಪ್ಲಾಟಿನಂ ಲೋಹದ ಮೆತ್ತನೆಯ ತಂತಿಯನ್ನು ಉಬ್ಬಿನೊಳಗೆ ಸುರುಳಿ ಸುತ್ತಿ ತುಂಬುವ ವಿಧಾನವನ್ನು ರೂಪಿಸಿದರು. ಸುರುಳಿ ಸರಿಯಾಗಿ ಕುಳಿತ ಮೇಲೆ ಸಣ್ಣ ವಿದ್ಯುತ್ ಹರಿಸಿ ಅದನ್ನು ಕಳಚುವುದು ಅವರ ಜಾಣತನ. 1990ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಇದರಿಂದ ಲೆಕ್ಕವಿಲ್ಲದಷ್ಟು ಜನ ಬದುಕಿದರು.

ಆದರೆ ಒಂದು ತೊಡಕು ಉಳಿಯಿತು. ಉಬ್ಬಿನ ಬಾಯಿ ಅಗಲವಾಗಿದ್ದರೆ ಸುರುಳಿ ಒಳಗೆ ನಿಲ್ಲುವುದಿಲ್ಲ. ಉಬ್ಬು ತುಂಬ ದೊಡ್ಡದಿದ್ದರೆ, ರಕ್ತದ ಹೊಡೆತಕ್ಕೆ ಸುರುಳಿ ದಿನ ಕಳೆದಂತೆ ಅದುಮಿಕೊಂಡು ಮತ್ತೆ ಜಾಗ ಬಿಡುತ್ತದೆ. ದೊಡ್ಡಮ್ಮನ ಉಬ್ಬು ಅಂಥದ್ದೇ: ದೊಡ್ಡದು, ಬಾಯಿ ಅಗಲ.

‘ಮಡುವಿಗೆ ಮಣ್ಣು ಸುರಿದ್ರೆ ಪ್ರಯೋಜನ ಇಲ್ಲ. ಮುಂದಿನ ಮಳೆಗೆ ಕೊಚ್ಚಿ ಹೋಗ್ತದೆ’ ಎಂದರು ದೊಡ್ಡಮ್ಮ.

‘ಹಾಗಾದ್ರೆ ನೀವು ಏನು ಮಾಡ್ತೀರಿ?’ ವೈದ್ಯರು ನಿಜವಾದ ಕುತೂಹಲದಿಂದಲೇ ಕೇಳಿದರು.

‘ಮಡುವಿನ ಬಾಯಿಗೆ ಬಿದಿರಿನ ತಟ್ಟಿ ಹೊಡೀತೇವೆ. ನೀರು ಸೀದಾ ಹೋಗ್ತದೆ. ಮಡುವಿನಲ್ಲಿ ನೀರು ನಿಂತು ಹೂಳು ಕೂತ್ಕೊಳ್ತದೆ. ಎರಡು ಮಳೆಗಾಲ ಕಳೆದ್ರೆ ಅಲ್ಲಿ ಹುಲ್ಲು ಬೆಳೀತದೆ.’

ಮಡುವಿನ ಬಾಯಿಗೆ ತಟ್ಟಿ

ಮಿದುಳಿನ ವೈದ್ಯರೂ ಕೊನೆಗೆ ಬಂದು ತಲುಪಿದ್ದು ಇದೇ ಉಪಾಯಕ್ಕೆ. ಉಬ್ಬಿನ ಒಳಗೆ ಕೈಹಾಕುವುದನ್ನು ಬಿಟ್ಟು, ಉಬ್ಬು ಹುಟ್ಟಿದ ನಾಳವನ್ನೇ ಸರಿಪಡಿಸಿದರೆ? ಇದಕ್ಕಾಗಿ ತಯಾರಾದ ಸಾಧನಕ್ಕೆ ‘ಫ್ಲೋ ಡೈವರ್ಟರ್’ ಎಂದು ಹೆಸರು. ಹರಿವನ್ನು ತಿರುಗಿಸುವ ಸಾಧನ ಎಂದರ್ಥ.

ನೋಡಲು ಇದು ನೂಡಲ್ಸ್‌ಗಿಂತ ತುಸು ದಪ್ಪದ ಜಾಲರಿಯ ಕೊಳವೆ. ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ‘ಪೈಪ್‌ಲೈನ್’ ಎಂಬ ಸಾಧನವನ್ನೇ ನೋಡಿ. ಅದರಲ್ಲಿ 48 ಲೋಹದ ಎಳೆಗಳನ್ನು ಜಡೆಯಂತೆ ಹೆಣೆದಿದ್ದಾರೆ. ಒಂದೊಂದು ಎಳೆಯೂ ನಮ್ಮ ತಲೆಗೂದಲಿಗಿಂತ ತೆಳ್ಳಗೆ. ಬಿಡಿಸಿಟ್ಟಾಗ ಕೊಳವೆಯ ಅಗಲ ಕೆಲವೇ ಮಿ.ಮೀ. ಅದರ ಗೋಡೆಯಲ್ಲಿ ಮೂರನೇ ಒಂದು ಭಾಗದಷ್ಟು ಲೋಹ, ಉಳಿದದ್ದೆಲ್ಲ ತೂತು.

ಇದನ್ನು ಮೊದಲು ರೋಗಿಗಳಲ್ಲಿ ಬಳಸಿ ನೋಡಿದ್ದು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ, 2006ರಲ್ಲಿ. ಪೆದ್ರೊ ಲಿಲಿಕ್ ಎಂಬ ವೈದ್ಯರ ತಂಡ 53 ರೋಗಿಗಳ 63 ಉಬ್ಬುಗಳಿಗೆ ಚಿಕಿತ್ಸೆ ಮಾಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಉಬ್ಬುಗಳು ಪೂರ್ತಿ ಮುಚ್ಚಿದ್ದವು. ಒಂದು ವರ್ಷದ ನಂತರ ಪರೀಕ್ಷಿಸಿದಾಗ ನೂರಕ್ಕೆ 95 ಮುಚ್ಚಿದ್ದವು. ಈ ನಡುವೆ ಅವುಗಳಿಗೆ ಯಾರೂ ಏನೂ ಮಾಡಿರಲಿಲ್ಲ. ದೇಹವೇ ತನ್ನ ಕೆಲಸ ಮಾಡಿಕೊಂಡಿತ್ತು. 2011ರಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಅದು ಹೇಗೆ ನಡೆಯುತ್ತದೆ ನೋಡಿ. ಜಾಲರಿ ಉಬ್ಬಿನ ಬಾಯಿಗೆ ಅಡ್ಡವಾಗಿ ನಾಳದೊಳಗೆ ಕುಳಿತುಕೊಳ್ಳುತ್ತದೆ. ಇಲ್ಲಿಯವರೆಗೆ ರಭಸದಿಂದ ಉಬ್ಬಿಗೆ ನುಗ್ಗಿ ಸುಳಿ ತಿರುಗುತ್ತಿದ್ದ ರಕ್ತ ಈಗ ಕೊಳವೆಯ ಗುಂಟ ಸೀದಾ ಹರಿಯುತ್ತದೆ. ಉಬ್ಬಿನೊಳಗಿನ ರಕ್ತ ಮಂದವಾಗಿ, ನಿಂತು, ಹೆಪ್ಪುಗಟ್ಟುತ್ತದೆ. ಅದೇ ಹೂಳು. ಇತ್ತ ನಾಳದ ಒಳಗೋಡೆಯ ಜೀವಕೋಶಗಳು ಚಪ್ಪರಕ್ಕೆ ಬಳ್ಳಿ ಹಬ್ಬಿದಂತೆ ಜಾಲರಿಯ ಮೇಲೆ ಹಬ್ಬುತ್ತವೆ. ಕೆಲವು ತಿಂಗಳಲ್ಲಿ ಅಲ್ಲೊಂದು ಹೊಸ ಗೋಡೆಯೇ ಎದ್ದು ನಿಲ್ಲುತ್ತದೆ. ಉಬ್ಬು ನಿಧಾನವಾಗಿ ಕುಗ್ಗುತ್ತದೆ.

ಪುಟ್ಟನ ಪ್ರಶ್ನೆ

‘ಡಾಕ್ಟರ್ ಅಂಕಲ್, ಜಾಲರಿ ಉಬ್ಬಿಗೆ ಹೋಗೋ ರಕ್ತ ತಡೆದ್ರೆ, ಅಲ್ಲೇ ಪಕ್ಕದಲ್ಲಿ ಕಣ್ಣಿಗೆ ಹೋಗೋ ಸಣ್ಣ ನಾಳನೂ ಮುಚ್ಚಿಹೋಗಲ್ವಾ?’

ಪುಟ್ಟ ಕೇಳಿದ ಈ ಪ್ರಶ್ನೆಯನ್ನು ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿಕೊಂಡಿದ್ದರು. ಇದಕ್ಕೆ ಉತ್ತರ ಬಹಳ ಸೊಗಸಾಗಿದೆ.

ಉಬ್ಬು ಎಂಬುದು ಮುಂದೆ ದಾರಿಯಿಲ್ಲದ ಓಣಿ. ಒಳಗೆ ಹೋದ ರಕ್ತ ಬಂದ ಬಾಗಿಲಿನಿಂದಲೇ ಹಿಂದಿರುಗಬೇಕು. ಬಾಗಿಲಿಗೆ ಜಾಲರಿ ಬಿದ್ದರೆ ಈ ಹೋಗಿಬರುವ ಆಟ ನಿಲ್ಲುತ್ತದೆ. ಆದರೆ ಕಣ್ಣಿಗೆ ಹೋಗುವ ಕವಲು ಊರಿಗೆ ಹೋಗುವ ರಸ್ತೆಯಿದ್ದಂತೆ. ಆ ತುದಿಯಲ್ಲಿ ರಕ್ತಕ್ಕಾಗಿ ಕಾಯುವವರಿದ್ದಾರೆ. ಅಲ್ಲಿ ಒತ್ತಡ ಕಡಿಮೆ ಇರುವುದರಿಂದ ರಕ್ತ ಜಾಲರಿಯ ತೂತುಗಳಲ್ಲಿ ನುಸುಳಿ ಆ ಕಡೆಗೆ ಹರಿಯುತ್ತಲೇ ಇರುತ್ತದೆ. ಹರಿಯುವಲ್ಲಿ ದಾರಿ ಉಳಿಯುತ್ತದೆ, ನಿಲ್ಲುವಲ್ಲಿ ಮುಚ್ಚುತ್ತದೆ. ತೂತು ಎಷ್ಟು ದೊಡ್ಡದಿರಬೇಕು, ಎಳೆ ಎಷ್ಟು ಒತ್ತಾಗಿರಬೇಕು ಎಂಬ ಲೆಕ್ಕಾಚಾರದಲ್ಲೇ ಈ ಸಾಧನದ ಜೀವಾಳ ಇದೆ. ಜಾಲರಿ ತೀರ ಒತ್ತಾದರೆ ಕವಲಿಗೆ ಕಷ್ಟ. ತೀರ ವಿರಳವಾದರೆ ಉಬ್ಬು ಮುಚ್ಚದು.

ಒಪ್ಪಿಕೊಳ್ಳುವುದೋ, ಬೇಡವೋ

ಇಷ್ಟೆಲ್ಲ ಕೇಳಿದ ಮೇಲೂ ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ವೈದ್ಯರು ಅಪಾಯವನ್ನು ಮುಚ್ಚಿಟ್ಟಿರಲಿಲ್ಲ. ದೊಡ್ಡ ಉಬ್ಬುಗಳಿದ್ದ 108 ರೋಗಿಗಳ ಮೇಲೆ ನಡೆದ ಹೆಸರಾಂತ ಅಧ್ಯಯನದಲ್ಲಿ ಆರು ತಿಂಗಳಿಗೆ ನೂರಕ್ಕೆ ಸುಮಾರು 74, ಐದು ವರ್ಷಕ್ಕೆ ನೂರಕ್ಕೆ 95 ಉಬ್ಬುಗಳು ಮುಚ್ಚಿದ್ದವು. ಆದರೆ ಮೊದಲ ಆರು ತಿಂಗಳಲ್ಲಿ ನೂರಕ್ಕೆ ಐದಾರು ಮಂದಿಗೆ ತೀವ್ರ ಪಾರ್ಶ್ವವಾಯು ಅಥವಾ ಸಾವು ಸಂಭವಿಸಿತ್ತು. ‘ಬಿಟ್ಟರೂ ಅಪಾಯ, ಮಾಡಿದರೂ ಸ್ವಲ್ಪ ಅಪಾಯ. ಯಾವುದು ಕಡಿಮೆ ಎಂದು ತೂಗಿ ನೋಡಬೇಕು’ ಎಂದಿದ್ದರು.

ಉಬ್ಬು ಚಿಕ್ಕದಿದ್ದು, ಯಾವ ತೊಂದರೆಯೂ ಕೊಡದಿದ್ದರೆ ಎಷ್ಟೋ ಸಲ ವೈದ್ಯರು ಚಿಕಿತ್ಸೆಯನ್ನೇ ಮಾಡುವುದಿಲ್ಲ. ಆಗಾಗ ಸ್ಕ್ಯಾನ್ ಮಾಡಿ ಗಮನಿಸುತ್ತಾರೆ. ಒಡೆದುಹೋದ ಉಬ್ಬಿಗೆ ಫ್ಲೋ ಡೈವರ್ಟರ್ ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. ಉಬ್ಬು ಮುಚ್ಚಲು ತಿಂಗಳುಗಳು ಬೇಕು, ಒಡೆದ ನಾಳ ಅಷ್ಟು ಕಾಯುವುದಿಲ್ಲ. ಅಲ್ಲಿ ಕ್ಲಿಪ್ ಅಥವಾ ಸುರುಳಿಯೇ ಹೆಚ್ಚಾಗಿ ಸೂಕ್ತ.

ದೊಡ್ಡಮ್ಮನ ಮಗ, ‘ಇನ್ನೊಂದು ವರ್ಷ ನೋಡೋಣ’ ಎಂದ. ಸೊಸೆಗೆ ಅಳು. ಕೊನೆಗೆ ದೊಡ್ಡಮ್ಮನೇ, ‘ದಂಡೆ ಒಡೆದ ಮೇಲೆ ತಟ್ಟಿ ಹೊಡೆದು ಏನು ಪ್ರಯೋಜನ? ಮಳೆಗಾಲಕ್ಕೆ ಮುಂಚೆ ಆಗ್ಲಿ’ ಎಂದು ಮಾತು ಮುಗಿಸಿದರು.

ಆ ದಿನ, ಮತ್ತು ನಂತರದ ದಿನಗಳು

ಚಿಕಿತ್ಸೆಗೆ ಕೆಲವು ದಿನ ಮುಂಚೆಯೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆ ಶುರುವಾಯಿತು. ಆ ದಿನ ಅರಿವಳಿಕೆ ಕೊಟ್ಟು, ತೊಡೆಸಂದಿನ ರಕ್ತನಾಳಕ್ಕೆ ಚಿಕ್ಕ ತೂತು ಮಾಡಿ, ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಒಳಕ್ಕೆ ಬಿಟ್ಟರು. ಎಕ್ಸ್-ರೇ ಪರದೆಯಲ್ಲಿ ನೋಡುತ್ತ ಹೊಟ್ಟೆ, ಎದೆ, ಕತ್ತು ದಾಟಿಸಿ ಕಣ್ಣಿನ ಹಿಂದಿನ ಜಾಗಕ್ಕೆ ಮುಟ್ಟಿಸಿದರು. ಮಡಿಸಿದ ಕೊಡೆಯಂತೆ ಒಳಗಿದ್ದ ಜಾಲರಿ ಕೊಳವೆಯಿಂದ ಹೊರಬಂದೊಡನೆ ತಾನೇ ಅರಳಿ ನಾಳದ ಗೋಡೆಗೆ ಅಂಟಿ ಕುಳಿತಿತು. ತಲೆಯ ಮೇಲೆ ಒಂದು ಹೊಲಿಗೆಯೂ ಇಲ್ಲ. ಕೆಲವೇ ದಿನಗಳಲ್ಲಿ ದೊಡ್ಡಮ್ಮ ಊರಿಗೆ ಹೊರಟರು.

ಆದರೆ ದೀಪ ಇನ್ನೂ ಎರಡೇ! ‘ತಕ್ಷಣ ಸರಿಹೋಗುವುದಿಲ್ಲ. ಕಾಯಬೇಕು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು’ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಯಾಕೆ ಗೊತ್ತೇ? ಹೊಸ ಗೋಡೆ ಬೆಳೆಯುವವರೆಗೆ ಜಾಲರಿಯ ಲೋಹ ರಕ್ತಕ್ಕೆ ತೆರೆದೇ ಇರುತ್ತದೆ. ಮಾತ್ರೆ ನಿಲ್ಲಿಸಿದರೆ ಉಬ್ಬಿನಲ್ಲಿ ಹೆಪ್ಪುಗಟ್ಟಬೇಕಾದ ರಕ್ತ ಜಾಲರಿಯಲ್ಲೇ ಹೆಪ್ಪುಗಟ್ಟಿ ಮಿದುಳಿಗೆ ರಕ್ತ ನಿಲ್ಲಬಹುದು.

ಈ ಹೊಣೆ ಪುಟ್ಟನಿಗೆ ಬಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು. ಮಾತ್ರೆ ನುಂಗಿದ ಮೇಲೆಯೇ ಗೆರೆ. ಮಾತ್ರೆಯ ಕಾರಣ ಕೈಮೇಲೆ ಅಲ್ಲಲ್ಲಿ ನೀಲಿ ಕಲೆ ಬಂದಾಗ, ‘ನಾಲ್ಕು ದಿನ ನಿಲ್ಲಿಸ್ತೀನಿ’ ಎಂದು ದೊಡ್ಡಮ್ಮ ಹಟ ಹಿಡಿದರು. ‘ಡಾಕ್ಟ್ರಿಗೆ ಕೇಳದೆ ಗೆರೆ ಹಾಕಲ್ಲ ಅಜ್ಜಿ’ ಎಂದ ಪುಟ್ಟ. ಫೋನು ಹೋಯಿತು. ‘ನಿಲ್ಲಿಸಬೇಡಿ, ಬಂದು ತೋರಿಸಿ’ ಎಂಬ ಉತ್ತರ ಬಂತು. ಹಲ್ಲು ಕೀಳಿಸುವ ಮಾತು ಬಂದಾಗಲೂ ಹಾಗೆಯೇ. ಮೊದಲು ಬೆಂಗಳೂರಿನ ವೈದ್ಯರಿಗೆ ಫೋನು, ಆಮೇಲೆ ಹಲ್ಲಿನ ಡಾಕ್ಟರು.

ನಮ್ಮ ದೇಶದ ಜಾಲರಿ

ಈ ಸಾಧನ ಹೊರದೇಶದಿಂದ ಬರಬೇಕಾಗಿರುವುದರಿಂದ ಚಿಕಿತ್ಸೆಯ ಖರ್ಚು ಕೆಲವು ಲಕ್ಷಗಳಿಗೆ ಏರುತ್ತದೆ. ದೊಡ್ಡಮ್ಮನ ಮನೆಯವರೂ ಎರಡು ವರ್ಷದ ಅಡಿಕೆಯ ದುಡ್ಡನ್ನು ಇದಕ್ಕೆ ಹಾಕಬೇಕಾಯಿತು. ಹಾಗಾಗಿ ಒಂದು ಸಂತೋಷದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ವಿಜ್ಞಾನಿಗಳು ನಮ್ಮದೇ ಫ್ಲೋ ಡೈವರ್ಟರ್ ಒಂದನ್ನು ರೂಪಿಸಿದ್ದಾರೆ. 2020ರಲ್ಲಿ ಅದರ ತಂತ್ರಜ್ಞಾನವನ್ನು ಪುಣೆಯ ಕಂಪನಿಗೆ ಕೊಡುವ ಒಪ್ಪಂದವೂ ಆಯಿತು. ಅದರ ಎಳೆಗಳು ‘ನಿಟಿನಾಲ್’ ಎಂಬ ಮಿಶ್ರಲೋಹದವು. ನಿಕಲ್ ಮತ್ತು ಟೈಟಾನಿಯಂ ಸೇರಿಸಿ ಮಾಡಿದ ಲೋಹ ಇದು. ಬಗ್ಗಿಸಿ ಬಿಟ್ಟರೆ ತನ್ನ ಮೊದಲಿನ ಆಕಾರಕ್ಕೇ ಮರಳುತ್ತದೆ. ಈ ಲೋಹಕ್ಕಾಗಿ ಅವರು ಬಂದದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಕ್ಕೆ, ಅಂದರೆ ಎನ್.ಎ.ಎಲ್.ಗೆ. ವಿಮಾನಗಳ ಬಗ್ಗೆ ಸಂಶೋಧನೆ ಮಾಡುವ ಜಾಗದ ಲೋಹ ಮಿದುಳಿನ ನಾಳಕ್ಕೂ ಒದಗಿತು!

ಮತ್ತೆ ಒಂದು ದೀಪ

ನಾಲ್ಕನೇ ತಿಂಗಳ ಒಂದು ಸಂಜೆ ದೊಡ್ಡಮ್ಮ ದೀಪ ಹಚ್ಚಿ ಬಹಳ ಹೊತ್ತು ಸುಮ್ಮನೆ ನೋಡುತ್ತ ನಿಂತರು. ಎರಡು ಜ್ವಾಲೆಗಳು ಹತ್ತಿರ ಹತ್ತಿರ ಬಂದಿದ್ದವಂತೆ. ಆರನೇ ತಿಂಗಳ ಆಂಜಿಯೋಗ್ರಾಂನಲ್ಲಿ ನಾಳ ನೆಟ್ಟಗೆ ಹರಿಯುತ್ತಿತ್ತು. ಉಬ್ಬಿದ್ದ ಜಾಗದಲ್ಲಿ ಏನೂ ಕಾಣಲಿಲ್ಲ. ವೈದ್ಯರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಪುಟ್ಟನಿಗೆ ತೋರಿಸಿದರು.

ಎಲ್ಲರಿಗೂ ಹೀಗೆ ಆಗುತ್ತದೆ ಎನ್ನಲಾಗದು. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಕೆಲವರಿಗೆ ನರ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ದೊಡ್ಡಮ್ಮನ ಒಂದು ಮಾತ್ರೆ ಇಂದಿಗೂ ಮುಂದುವರಿದಿದೆ. ಕ್ಯಾಲೆಂಡರಿನ ಗೆರೆಯೂ.

ಮೊನ್ನೆ ಹೋದಾಗ ದೊಡ್ಡಮ್ಮ ದೀಪ ಹಚ್ಚುತ್ತಿದ್ದರು. ಪುಟ್ಟ ಹಿಂದಿನಿಂದ ಬಂದು ತುಂಟತನದಿಂದ ಕೇಳಿದ: ‘ಅಜ್ಜಿ, ಎಷ್ಟು ದೀಪ?’

‘ಒಂದೇ ಕಣೋ. ಬೇಕಾದ್ರೆ ಇನ್ನೊಂದು ನೀನು ಹಚ್ಚು’ ಎಂದು ಬೆಂಕಿಪೊಟ್ಟಣ ಅವನ ಕೈಗೆ ಕೊಟ್ಟರು.

ಮನೆಮಂದಿ ನೆನಪಿಡಬೇಕಾದದ್ದು

* ಎಲ್ಲ ತಲೆನೋವೂ ಅನ್ಯೂರಿಸಂ ಅಲ್ಲ. ಹೆದರಬೇಡಿ. ಆದರೆ ಸಿಡಿಲು ಬಡಿದಂತೆ ಒಮ್ಮೆಲೇ ಬಂದ, ಜೀವನದಲ್ಲಿ ಎಂದೂ ಕಾಣದಂಥ ತಲೆನೋವನ್ನು ‘ಪಿತ್ತ’, ‘ಬಿಸಿಲು’ ಎಂದು ಕಡೆಗಣಿಸಬೇಡಿ. ಜೊತೆಗೆ ವಾಂತಿ, ಕತ್ತು ಬಿಗಿತ, ಎಚ್ಚರ ತಪ್ಪುವುದು ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಮಕ್ಕಳೂ ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ.
* ಒಂದು ವಸ್ತು ಇದ್ದಕ್ಕಿದ್ದಂತೆ ಎರಡಾಗಿ ಕಂಡರೆ, ಒಂದು ರೆಪ್ಪೆ ಜೋತುಬಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.
* ರಕ್ತದೊತ್ತಡವನ್ನು ಆಗಾಗ ಪರೀಕ್ಷಿಸಿಕೊಳ್ಳಿ. ಬೀಡಿ, ಸಿಗರೇಟು ಬಿಡಿ.
* ಒಂದೇ ಕುಟುಂಬದಲ್ಲಿ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳ ಪೈಕಿ ಇಬ್ಬರಿಗೆ ಅನ್ಯೂರಿಸಂ ಇದ್ದರೆ, ಉಳಿದವರಿಗೆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.
* ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.